ಪಾಸ್‌ಪೋರ್ಟ್ ಸುಧಾರಣೆ: ಕೌಂಟರಿನಾಚೆ ಉಳಿದ ಕೆಲಸ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ವರ್ತಕರಿಗೆ ಪಾಸ್‌ಪೋರ್ಟ್ ಇಂದು ವ್ಯಾಪಾರದ ಸಾಧನವೇ ಆಗಿದೆ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಮಾನ್ಯತೆ ದೊರೆಯಿತು. ಕಾಳುಮೆಣಸು, ಏಲಕ್ಕಿಗಳಿಗೆ ಹೊರದೇಶದ ಖರೀದಿದಾರರನ್ನು ಅರಸುವವರು ಒಮ್ಮೆಯಾದರೂ ವಿಮಾನ ಏರಬೇಕಾಗುತ್ತದೆ. ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಅಂಗಡಿಯಲ್ಲಿ ಕುಳಿತೇ ಪಡೆಯಬಹುದು. ಆದರೆ ಪಾಸ್‌ಪೋರ್ಟ್ ಯಾವ ದಿನ ಕೈಸೇರುವುದೆಂದು ಹೇಳಬಲ್ಲವರಿಲ್ಲ.

ಈ ಇಲಾಖೆ ಸುಧಾರಿಸಿಲ್ಲವೆಂದರೆ ಅನ್ಯಾಯವಾದೀತು. ವಿದೇಶಾಂಗ ಸಚಿವಾಲಯವು 2008ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, 2010ರಲ್ಲಿ ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಸೇವಾ ಕೇಂದ್ರ ತೆರೆಯಿತು. ‘ಎ’ ಕೌಂಟರಿನಲ್ಲಿ ಖಾಸಗಿ ಸಿಬ್ಬಂದಿ ದಾಖಲೆ, ಭಾವಚಿತ್ರ, ಬೆರಳಚ್ಚು ಪಡೆಯುತ್ತಾರೆ; ‘ಬಿ’ ಮತ್ತು ‘ಸಿ’ ಕೌಂಟರುಗಳಲ್ಲಿ ಸರ್ಕಾರಿ ಅಧಿಕಾರಿಗಳು ಪರಿಶೀಲಿಸಿ ಮಂಜೂರು ಮಾಡುತ್ತಾರೆ. ನಿರ್ಧಾರದ ಹೊಣೆ ಸರ್ಕಾರದ್ದು, ವ್ಯವಸ್ಥೆಯ ಹೊಣೆ ಕಂಪನಿಯದು. ಸಮಯ ನಿಗದಿ ಬಂದ ಮೇಲೆ ಸಾಲೂ ದಲ್ಲಾಳಿಯೂ ಕಡಿಮೆಯಾದವು. 2017ರಲ್ಲಿ ಮೈಸೂರಿನಿಂದ ಮೊದಲ್ಗೊಂಡು ಅಂಚೆ ಕಚೇರಿಗಳಲ್ಲೂ ಈ ಸೇವೆ ಆರಂಭವಾಯಿತು.

ಕಡತವು ಕೌಂಟರು ದಾಟಿದೊಡನೆ ಹಳೆಯ ಕಾಲ ಎದುರಾಗುತ್ತದೆ. ಪೊಲೀಸ್ ಪರಿಶೀಲನೆ ರಾಜ್ಯಕ್ಕೆ ಸೇರಿದ ಕೆಲಸ. ವರದಿಯು 21 ದಿನಗಳೊಳಗೆ ಬಂದರೆ ಕೇಂದ್ರವು ರಾಜ್ಯಕ್ಕೆ 150 ರೂಪಾಯಿ, ತಡವಾದರೆ 50 ರೂಪಾಯಿ ನೀಡುವ ಪದ್ಧತಿ ಇಡಲಾಯಿತು. ತತ್ತ್ವ ಒಳ್ಳೆಯದು, ಮೊತ್ತ ಹಾಸ್ಯಾಸ್ಪದ. ನೂರು ರೂಪಾಯಿಯ ನಷ್ಟ ರಾಜ್ಯದ ಲೆಕ್ಕಕ್ಕೆ ಬೀಳುವುದೇ ಹೊರತು, ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡವರಿಗೆ ತಾಗುವುದಿಲ್ಲ. ತಡದ ನಿಜವಾದ ಬೆಲೆ ತೆರುವವನು ಬೇಡಿಕೆ ಕಳೆದುಕೊಂಡ ವರ್ತಕ, ಉದ್ಯೋಗದ ಗಡುವು ಮೀರಿದ ಯುವಕ.

ಅರ್ಜಿದಾರರ ಪಾಲಿನ ತೊಡಕೂ ಇದೆ. ಒಬ್ಬರೇ ‘ಹೆಗಡೆ’ಯವರ ಹೆಸರು ಶಾಲಾ ದಾಖಲೆಯಲ್ಲಿ ಒಂದು ಬಗೆಯ ಇಂಗ್ಲಿಷ್ ಕಾಗುಣಿತ, ಪ್ಯಾನ್‌ನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಎಂಬಂತಿರುತ್ತದೆ. ಒಂದೆಡೆ ಇನಿಷಿಯಲ್, ಮತ್ತೊಂದೆಡೆ ತಂದೆಯ ಪೂರ್ಣ ಹೆಸರು. ಬ್ಯಾಂಕು ಮನ್ನಿಸಿದ ವ್ಯತ್ಯಾಸವನ್ನು ಪಾಸ್‌ಪೋರ್ಟ್ ಅಧಿಕಾರಿ ಮನ್ನಿಸಬೇಕೆಂದಿಲ್ಲ. ಜನ್ಮದಿನಾಂಕದ ಪುರಾವೆಯ ನಿಯಮಗಳನ್ನು 2016ರ ಡಿಸೆಂಬರಿನಲ್ಲಿ ಸಡಿಲಿಸಿದ್ದರೂ ಹೆಸರಿನ ಗೊಂದಲ ತೀರಲಿಲ್ಲ.

ಆದ್ದರಿಂದ ಬೇಡಿಕೆಗಳು ಖಚಿತವಾಗಿರಬೇಕು. ಕಾರವಾರದ ಜಿಲ್ಲಾ ಪೊಲೀಸ್ ಕಚೇರಿಯು ಠಾಣೆವಾರು ಪರಿಶೀಲನೆಗೆ ತಗುಲಿದ ಸರಾಸರಿ ದಿನಗಳನ್ನು ಪ್ರತಿ ತಿಂಗಳು ಪ್ರಕಟಿಸಬೇಕು. ಆಕ್ಷೇಪಣೆಗಳೆಲ್ಲವನ್ನೂ ಒಂದೇ ಬಾರಿಗೆ, ಲಿಖಿತವಾಗಿ ತಿಳಿಸಬೇಕು. ಗಡುವು ಮೀರಿದ ಅರ್ಜಿ ತಾನಾಗಿ ಮೇಲಧಿಕಾರಿಯ ಮುಂದೆ ಬರಬೇಕು. ಇವು ಯಾವುದಕ್ಕೂ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ.

ವಾಣಿಜ್ಯ ಸಂಸ್ಥೆಗಳ ಕರ್ತವ್ಯವೂ ಇದೆ. ಸದಸ್ಯರು ಅರ್ಜಿ ಸಲ್ಲಿಸಿದ, ಪೊಲೀಸರು ಬಂದ ಹಾಗೂ ಪಾಸ್‌ಪೋರ್ಟ್ ತಲುಪಿದ ದಿನಾಂಕಗಳನ್ನು ಒಂದು ವರ್ಷ ದಾಖಲಿಸಿ, ಆ ಪಟ್ಟಿಯನ್ನು ಸಂಸದರ ಮತ್ತು ಪಾಸ್‌ಪೋರ್ಟ್ ಅಧಿಕಾರಿಗಳ ಮುಂದಿಡಲಿ. ಲೆಕ್ಕವಿಲ್ಲದ ದೂರನ್ನು ಕಚೇರಿಗಳು ಸುಲಭವಾಗಿ ಬದಿಗಿಡುತ್ತವೆ; ದಿನಾಂಕಸಹಿತವಾದ ಪಟ್ಟಿಗೆ ಉತ್ತರ ಕೊಡಲೇಬೇಕಾಗುತ್ತದೆ.