ಹಿತ್ತಲಿಗೆ ಬೀಜ ಆರಿಸೋವಾಗ ಮಾತ್ರ ನಮ್ಮ ಬುದ್ಧಿ ಎಲ್ಲಿ ಹೋಗುತ್ತೆ?

ರಾಗಿ ಬೀಜ ತರೋಕೆ ಹೋದಾಗ ನಾವು ಎಷ್ಟು ಪ್ರಶ್ನೆ ಕೇಳ್ತೀವಿ ನೋಡಿ. ಎಂ.ಎಲ್. 365 ಇದೆಯಾ, ಜಿಪಿಯು 28 ಇದೆಯಾ, ನೀಲಿ ಚೀಟಿ ಇದೆಯಾ, ಟೆಸ್ಟ್ ಆಗಿ ಎಷ್ಟು ತಿಂಗಳಾಯ್ತು, ಹೋದ ವರ್ಷ ಯಾರ ಹೊಲದಲ್ಲಿ ಹೆಂಗೆ ಬಂತು. ಅಂಗಡಿಯವನು ಬೇರೆ ಚೀಲ ಎತ್ತಿಕೊಟ್ಟರೆ ಜಗಳಕ್ಕೇ ನಿಲ್ತೀವಿ. ಅದೇ ಮನುಷ್ಯ ದುಡ್ಡು ಕೊಟ್ಟು ಹೊರಗೆ ಬರೋವಾಗ, ಪಕ್ಕದಲ್ಲಿ ನೇತುಹಾಕಿರೋ ಬಣ್ಣದ ಪೊಟ್ಟಣದಲ್ಲಿ ಎರಡು ಕಿತ್ಕೊಂಡು "ಇರಲಿ, ಹಿತ್ತಲಿಗೆ ಹಾಕೋಣ" ಅಂತ ಜೇಬಿಗೆ ಇಳಿಸ್ತಾನೆ. ಯಾವ ತಳಿ, ಯಾವತ್ತಿನದು, ಏನೂ ಕೇಳಲ್ಲ. ಮೇಲಿನ ಚಿತ್ರ ಚೆನ್ನಾಗಿದೆ, ಅಷ್ಟೇ.

ನನ್ನ ತಕರಾರು ಇದರ ಮೇಲೇ. ಹೊಲದ ಬೀಜ ಕೈಕೊಟ್ಟರೆ ಒಂದು ಹಂಗಾಮು ಹೋಗುತ್ತೆ, ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಹಿತ್ತಲಲ್ಲಿ ಇಡೋ ಮರ ತಪ್ಪಾದರೆ ಮೊಮ್ಮಕ್ಕಳು ಅದನ್ನ ಕಡಿಸೋಕೆ ಆಳು ಹುಡುಕಬೇಕು. ಹಿತ್ತಲಲ್ಲಿ ಕಳೆದುಹೋದ ಹೂವಿನ ತಳಿ ಯಾವ ಅಂಗಡಿಯಲ್ಲೂ ವಾಪಸ್ ಸಿಗಲ್ಲ. ಹಂಗಿದ್ದೂ ಜಾಸ್ತಿ ಯೋಚನೆ ಮಾಡಬೇಕಾದ ಕಡೆಯೇ ನಾವು ಕಡಿಮೆ ಯೋಚನೆ ಮಾಡ್ತೀವಿ. "ಅದು ಹೆಂಗಸರ ವಿಷಯ ಬಿಡಪ್ಪ" ಅನ್ನೋರೂ ಇದ್ದಾರೆ. ಅವರಿಗೆ ಆಮೇಲೆ ಹೇಳ್ತೀನಿ.

ಮೊದಲು ಹೂವು. ಹೋದ ತಿಂಗಳು ತಾಲ್ಲೂಕು ಕೇಂದ್ರದ ಒಂದು ಅಂಗಡಿಯಲ್ಲಿ 'ಡೆಲ್ಲಿ ಕನಕಾಂಬರ' ಅಂತ ಬರೆದ ಬೀಜದ ಪೊಟ್ಟಣ ನೋಡಿದೆ. ಜನ ಕೊಳ್ತಾನೂ ಇದ್ದರು. ಸ್ವಾಮಿ, ಡೆಲ್ಲಿ ಕನಕಾಂಬರ ಟ್ರಿಪ್ಲಾಯ್ಡ್ ಗಿಡ. ಮಾಮೂಲಿ ಗಿಡದಲ್ಲಿ ವರ್ಣತಂತುಗಳು ಎರಡೆರಡು ಜೊತೆಯಾಗಿದ್ದರೆ ಇದರಲ್ಲಿ ಮೂರು ಮೂರು. ಅದಕ್ಕೇ ಅದು ಬೀಜ ಕಟ್ಟಲ್ಲ. ನಾವು ತಿನ್ನೋ ಬಾಳೆಹಣ್ಣಲ್ಲಿ ಬೀಜ ಇಲ್ಲದಿರೋದಕ್ಕೂ ಇದೇ ಕಾರಣ. ಡೆಲ್ಲಿ ಕನಕಾಂಬರ ಬೇಕಾದರೆ ಕಡ್ಡಿ ನೆಟ್ಟೇ ಬೆಳೆಸಬೇಕು. ಹಂಗಾದರೆ ಪೊಟ್ಟಣದಲ್ಲಿ ಇದ್ದಿದ್ದೇನು? ಅಂಗಡಿಯವರನ್ನ ಕೇಳಿದೆ. "ಕಂಪನಿಯವರು ಕಳಿಸ್ತಾರೆ, ನಾವು ಮಾರ್ತೀವಿ" ಅಂದರು. ರಾಗಿ ವಿಷಯದಲ್ಲಿ ಈ ಉತ್ತರ ಕೊಟ್ಟಿದ್ದರೆ ನೀವು ಸುಮ್ಮನಿರ್ತಿದ್ರಾ?

ದುಂಡು ಮಲ್ಲಿಗೆ ಬೀಜ ಅಂತ ಮಾರೋದೂ ಇದೇ ಜಾತಿಯ ವ್ಯಾಪಾರ. ನಮ್ಮ ಕಡೆ ಮಲ್ಲಿಗೆ ಬೆಳೆಸಿರೋ ಯಾರನ್ನಾದರೂ ಕೇಳಿ, ಕಡ್ಡಿಯಿಂದ ಇಲ್ಲಾ ಕೊಂಬೆ ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸಿ ಮಾಡಿದ್ದೇ ಹೊರತು ಬೀಜ ಬಿತ್ತಿದವರು ಯಾರೂ ಇಲ್ಲ. ನೀಲಿ ಗುಲಾಬಿ, ಒಂದೇ ಹೂವಲ್ಲಿ ಏಳು ಬಣ್ಣದ ಗುಲಾಬಿ, ಇವುಗಳ ಬೀಜ ಮೊಬೈಲ್ನಲ್ಲಿ ಆರ್ಡರ್ ಮಾಡೋರಿಗೆ ನಾನೇನೂ ಹೇಳಲ್ಲ. ಅದು ಹೂವಿಗೆ ಬಣ್ಣ ಕುಡಿಸಿ ತೆಗೆದ ಫೋಟೋ.

ಬೀಜದಿಂದಲೇ ಬರೋ ಹೂವುಗಳಿಗೆ ಬನ್ನಿ. ನಾಟಿ ಕನಕಾಂಬರ, ಸ್ಫಟಿಕ, ನಾಟಿ ಚೆಂಡು, ಗೌರಿ ಹೂವು, ಸೂರ್ಯಕಾಂತಿ. ಇವುಗಳಿಗೆ ಪೊಟ್ಟಣ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಕನಕಾಂಬರದ ತೆನೆ ಕಂದು ಬಣ್ಣಕ್ಕೆ ತಿರುಗಿದಾಗ ಕಿತ್ತು, ಅಗಲ ಪಾತ್ರೆಗೆ ಹಾಕಿ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ತೆಳು ಬಟ್ಟೆ ಮುಚ್ಚಿಡಿ. ಪಟಪಟ ಅಂತ ಸಿಡಿದು ಬೀಜ ಒಳಗೇ ಬೀಳುತ್ತೆ. ಗಿಡದಲ್ಲೇ ಬಿಟ್ಟರೆ ಇಬ್ಬನಿಗೇ ಸಿಡಿದು ಹೋಗುತ್ತೆ, ಅದಕ್ಕೇ "ಕನಕಾಂಬರದಲ್ಲಿ ಬೀಜವೇ ಸಿಗಲ್ಲ" ಅನ್ನೋ ಮಾತು ಹುಟ್ಟಿದ್ದು.

ಚೆಂಡು ಹೂವಲ್ಲಿ ಒಂದು ಎಚ್ಚರ. ಪೊಟ್ಟಣದಲ್ಲಿ ಎಫ್-1 ಅಂತಿದ್ದರೆ ಅದು ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ. ಆ ಸಲ ಎಲ್ಲಾ ಗಿಡ ಅಳತೆ ಮಾಡಿದಂಗೆ ಒಂದೇ ಎತ್ತರ, ಒಂದೇ ಬಣ್ಣ. ಅದರ ಬೀಜ ಹಿಡಿದು ಮುಂದಿನ ವರ್ಷ ಬಿತ್ತಿದರೆ ಒಂದೊಂದು ಗಿಡ ಒಂದೊಂದು ದಾರಿ ಹಿಡಿಯುತ್ತೆ. ದಸರಾಗೆ ಅರ್ಧ ಎಕರೆ ಚೆಂಡು ಹಾಕೋರು ಎಫ್-1 ಕೊಳ್ಳಿ, ನಾನೂ ಕೊಳ್ತೀನಿ, ಮಾರುಕಟ್ಟೆಗೆ ಒಂದೇ ಸಮ ಹೂವು ಬೇಕು. ಆದರೆ ಹಿತ್ತಲಲ್ಲಿ ಎಂಟು ಗಿಡ ಇಡೋಕೆ ವರ್ಷಾ ವರ್ಷಾ ದುಡ್ಡು ಕೊಟ್ಟು ಬೀಜ ತರೋದು ಯಾವ ಲೆಕ್ಕ? ಹಿತ್ತಲಿನ ಹೂವು ಒಂದೇ ದಿನ ಎಲ್ಲಾ ಬಿಡಬಾರದು, ಮೂರು ತಿಂಗಳು ದಿನಾ ನಾಲ್ಕು ನಾಲ್ಕು ಬಿಡಬೇಕು. ಅದು ನಾಟಿ ಗಿಡದ ಗುಣ. ಹೊಲಕ್ಕೆ ಯಾವುದು ಗುಣವೋ ಹಿತ್ತಲಿಗೆ ಅದೇ ದೋಷ ಆಗಬಹುದು.

ಸೊಪ್ಪು, ಗಿಡಮೂಲಿಕೆ ವಿಷಯದಲ್ಲಂತೂ ನಗಬೇಕೋ ಅಳಬೇಕೋ. ಪೇಟೆಯಿಂದ ಬಂದ ಅಳಿಯ 'ಬೇಸಿಲ್' ಬೀಜ ತಂದುಕೊಟ್ಟ ಅಂತ ಒಬ್ಬರು ಕುಂಡದಲ್ಲಿ ಹಾಕಿ ನೆರಳು ಮಾಡಿ ಸಾಕ್ತಿದ್ದಾರೆ. ಅದು ನಮ್ಮ ಕಾಮಕಸ್ತೂರಿ ಕಣ್ರೀ. ಅದೇ ಜಾತಿ, ಘಮದಲ್ಲಿ ಸ್ವಲ್ಪ ವ್ಯತ್ಯಾಸ. ನಮ್ಮೂರ ಗುಡಿ ಹಿಂದೆ ಯಾರೂ ನೀರು ಹಾಕದೆ ಬೆಳೆದಿದೆ. ಒರೆಗಾನೋ ಬೇಕಂತೆ; ದೊಡ್ಡಪತ್ರೆ ಎಲೆ ಹಿಸುಕಿ ಮೂಸಿ ನೋಡಿ, ಹತ್ತಿರ ಹತ್ತಿರ ಅದೇ ವಾಸನೆ. ಒಂದು ತುಂಡು ಕಡ್ಡಿ ಮಣ್ಣಿಗೆ ಚುಚ್ಚಿದರೆ ಆಯ್ತು, ಬೀಜದ ಮಾತೇ ಇಲ್ಲ. ಲ್ಯಾವೆಂಡರ್ ಚಳಿ ದೇಶದ ಗಿಡ, ಅದರ ಬೀಜ ಮೊಳೆಯೋಕೂ ಕೆಲವು ವಾರ ತಣ್ಣಗಿರೋ ಜಾಗ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಅದನ್ನ ಒಡ್ಡೋದು ಯಾವ ಪಾಪಕ್ಕೆ? "ಹಿತ್ತಲ ಗಿಡ ಮದ್ದಲ್ಲ" ಅಂತ ಹಿರಿಯರು ಬೈದಿದ್ದು ನಮ್ಮನ್ನೇ.

ಕೊತ್ತಂಬರಿ, ಮೆಂತ್ಯ ದಿನಸಿ ಅಂಗಡಿಯದ್ದೇ ಸಾಕು. ಹುರಿದದ್ದು, ತೀರಾ ಹಳೇದು ಆಗಿರಬಾರದು ಅಷ್ಟೇ. ಕೊತ್ತಂಬರಿ ಕಾಳು ಅನ್ನೋದು ಒಂದು ಕಾಯಿ, ಒಳಗೆ ಎರಡು ಬೀಜ. ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಪೊಟ್ಟಣದ ಸೊಪ್ಪಿನ ಬೀಜಕ್ಕೆ ಗುಲಾಬಿ ಅಥವಾ ಹಸಿರು ಬಣ್ಣ ಬಳಿದಿದ್ದರೆ ಅದು ವಿಷದ ಔಷಧಿ ಲೇಪ ಅಂತಲೇ ತಿಳ್ಕೊಳ್ಳಿ. ಉಳಿದದ್ದನ್ನ ಅಡುಗೆಮನೆ ಡಬ್ಬಿ ಪಕ್ಕ ಇಡಬೇಡಿ, ಕೋಳಿಗೂ ಎಸೀಬೇಡಿ. ತುಳಸಿ, ದವನದ ಬೀಜ ಧೂಳಿನಷ್ಟು ಸಣ್ಣದು. ಮರಳಲ್ಲಿ ಬೆರೆಸಿ ಮೇಲೆ ಉದುರಿಸಿ, ಆಳಕ್ಕೆ ಹೂಳಬೇಡಿ. ಕರಿಬೇವಿನ ಹಣ್ಣು ಕಪ್ಪಾದ ತಕ್ಷಣ ಸಿಪ್ಪೆ, ತಿರುಳು ತೆಗೆದು ಅದೇ ವಾರ ಹಾಕಬೇಕು. ಪೊಟ್ಟಣದಲ್ಲಿ ಒಣಗಿ ಕೂತ ಕರಿಬೇವಿನ ಬೀಜ ಹುಟ್ಟಿದರೆ ಅದು ಪವಾಡ.

ಮರದ ವಿಷಯಕ್ಕೆ ಬಂದಾಗಲೇ ನನಗೆ ನಿಜವಾದ ಸಿಟ್ಟು ಬರೋದು. ಬೇವಿನ ಬೀಜ ಮರದಿಂದ ಬಿದ್ದ ಎರಡು ಮೂರು ವಾರದಲ್ಲಿ ಮಣ್ಣು ಸೇರಬೇಕು, ಆಮೇಲೆ ಮೊಳಕೆ ಶಕ್ತಿ ಬೇಗ ಇಳಿದು ಹೋಗುತ್ತೆ. ಹಣ್ಣು ಬೀಳೋದು ಜೂನ್, ಜುಲೈನಲ್ಲಿ. ಹಂಗಿರೋವಾಗ ಬೇಸಿಗೆ ರಜೆಯಲ್ಲಿ ಮಕ್ಕಳನ್ನ ಕೂರಿಸಿ ಹೋದ ವರ್ಷದ ಬೇವಿನ ಬೀಜದಿಂದ ಬೀಜದುಂಡೆ ಕಟ್ಟಿಸಿ ಫೋಟೋ ಹಾಕ್ತಾರಲ್ಲ, ಅದು ಮಣ್ಣುಂಡೆ. ಒಳಗಿರೋ ಬೀಜ ಯಾವತ್ತೋ ಸತ್ತಿದೆ. ಹಲಸಿನ ಬೀಜವೂ ಅಷ್ಟೇ, ಒಣಗಿಸಿದರೆ ಮುಗೀತು. ಅದೇ ಕಕ್ಕೆ, ಹುಣಸೆ ತದ್ವಿರುದ್ಧ. ಸಿಪ್ಪೆ ಕಲ್ಲಿನಂಗೆ, ವರ್ಷಗಟ್ಟಲೆ ಇಟ್ಟರೂ ಇರುತ್ತೆ, ಆದರೆ ಸುಮ್ಮನೆ ಬಿತ್ತಿದರೆ ಹುಟ್ಟೋಕೆ ಮನಸ್ಸು ಮಾಡಲ್ಲ. ಕಕ್ಕೆ ಬೀಜವನ್ನ ಒರಟು ಕಲ್ಲಿಗೆ ಒಂದು ಮಗ್ಗುಲು ಉಜ್ಜಿ ರಾತ್ರಿ ನೀರಲ್ಲಿ ನೆನೆಸಿ ಹಾಕಿ. ಒಂದೇ ಪೊಟ್ಟಣದಲ್ಲಿ ಹತ್ತು ಮರದ ಬೀಜ ಬೆರೆಸಿ "ಮಳೆಗಾಲದಲ್ಲಿ ಎರಚಿ" ಅಂತ ಬರೆದವನಿಗೆ ಈ ವ್ಯತ್ಯಾಸವೇ ಗೊತ್ತಿಲ್ಲ.

ಶ್ರೀಗಂಧದ ಆಸೆ ಎಲ್ಲರಿಗೂ. ಅದು ಅರ್ಧ ಪರಾವಲಂಬಿ, ಬೇರಿನ ಪಕ್ಕ ಇನ್ನೊಂದು ಗಿಡ ಇದ್ದರೇ ಬದುಕೋದು. ಸಣ್ಣದಿದ್ದಾಗ ತೊಗರಿ ಗಿಡ ಒಂದು ಪಕ್ಕಕ್ಕೆ ಇಡಿ. ದೊಡ್ಡದಾದ ಮೇಲೆ ಕಾಯೋಕೆ ಯಾರನ್ನ ಇಡ್ತೀರೋ ಅದನ್ನೂ ಈಗಲೇ ಯೋಚಿಸಿ.

ಹಲಸಿನಲ್ಲಿ ನಮ್ಮ ಸೀಮೆಗೇ ಒಂದು ಪಾಠ ಇದೆ. ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಒಂದೇ ಮರ, ತಾಮ್ರಗೆಂಪು ತೊಳೆಯದ್ದು, ಇವತ್ತು 'ಸಿದ್ದು' ಹಲಸು ಅಂತ ಹೆಸರಾಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನ ಗುರುತಿಸಿ, 2017ರಲ್ಲಿ ಅದರ ಕಸಿ ಗಿಡ ಮಾರೋಕೆ ಆ ರೈತರ ಜೊತೆಗೇ ಒಪ್ಪಂದ ಮಾಡಿಕೊಂಡರು. ಈಗ ಸಿದ್ದು ಹಣ್ಣು ತಿಂದು ಅದರ ಬೀಜ ಹಾಕಿ "ಸಿದ್ದು ಹಲಸು ಇಟ್ಟಿದ್ದೀನಿ" ಅನ್ನೋರು ಇದ್ದಾರೆ. ಆಗಲ್ಲ. ಹಲಸು ಪರಕೀಯ ಪರಾಗಸ್ಪರ್ಶದ ಮರ, ಬೀಜದ ಸಸಿ ತಾಯಿಯಂತೆಯೇ ಬರುತ್ತೆ ಅನ್ನೋ ಖಾತರಿ ಇಲ್ಲ. ಅದೇ ತಳಿ ಬೇಕಿದ್ದರೆ ಕಸಿ ಗಿಡ ತನ್ನಿ. ಹಂಗಂತ ಬೀಜದ ಹಲಸು ಬೇಡ ಅಂತಲ್ಲ. ಬೇಲಿ ಬದಿಯಲ್ಲಿ ಜಾಗ ಇದ್ದರೆ ಒಳ್ಳೇ ಮರದ ಬೀಜ ಎರಡು ಹಾಕಿ. ಎಲ್ಲರೂ ಕಸಿಯನ್ನೇ ಇಟ್ಟರೆ ಮುಂದಿನ ಸಿದ್ದು ಹುಟ್ಟೋದು ಎಲ್ಲಿಂದ?

ನುಗ್ಗೆಗೂ ಇದೇ ವಿವೇಚನೆ ಬೇಕು. ಪಿಕೆಎಂ-1 ಆಗಲಿ ಅರಭಾವಿಯ 'ಭಾಗ್ಯ' ಆಗಲಿ ಬೀಜದಿಂದ ಬರೋ ನುಗ್ಗೆ, ಬೇಗ ಕಾಯಿ ಬಿಡುತ್ತೆ. ಅಜ್ಜಿ ಕಾಲದ ಬಹುವಾರ್ಷಿಕ ನುಗ್ಗೆ ರುಚಿ ಬೇಕಿದ್ದರೆ ಆ ಮರದ್ದೇ ಕೊಂಬೆ ನೆಡಿ. ಪಪ್ಪಾಯಿಯಲ್ಲಿ ರೆಡ್ ಲೇಡಿ ಹಣ್ಣು ತಿಂದು ಬೀಜ ಹಾಕೋರಿಗೆ ಚೆಂಡು ಹೂವಿಗೆ ಹೇಳಿದ್ದೇ ಅನ್ವಯ, ಅದೂ ಎಫ್-1.

ಇನ್ನು ಚಂದಕ್ಕೆ ಅಂತ ಇಡೋ ಮರ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡನ್ನ ನುಂಗಿರೋ ಲಂಟಾನ ಇನ್ನೂರು ವರ್ಷದ ಹಿಂದೆ ಕೈತೋಟದ ಅಂದಕ್ಕೆ ಅಂತ ಬ್ರಿಟಿಷರ ಕಾಲದಲ್ಲಿ ಬಂದ ಹೂಗಿಡ. ಸೆನ್ನಾ ಸ್ಪೆಕ್ಟಾಬಿಲಿಸ್ ಅಂತ ಇನ್ನೊಂದಿದೆ, ದೂರದಿಂದ ಕಕ್ಕೆಯಂತೆ ಹಳದಿ ಹೂವು. ಅದನ್ನೂ ಚಂದಕ್ಕೇ ತಂದಿದ್ದು. ಈಗ ವಯನಾಡು, ನಾಗರಹೊಳೆ, ಬಂಡೀಪುರದಲ್ಲಿ ಕಡಿದಷ್ಟೂ ಚಿಗುರಿ ಅರಣ್ಯ ಇಲಾಖೆಯವರಿಗೆ ಸಾಕುಸಾಕು ಮಾಡಿದೆ. ಕೋನೋಕಾರ್ಪಸ್ ಗಿಡವನ್ನ ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಅದಕ್ಕೇ ಹೇಳೋದು, ಹೆಸರು ಬರೆಯದ 'ಅಲಂಕಾರಿಕ ಮರಗಳ ಮಿಶ್ರ ಬೀಜ' ಮಣ್ಣಿಗೆ ಹಾಕೋದು ಅಪರಿಚಿತನಿಗೆ ಮನೆ ಬೀಗದ ಕೈ ಕೊಟ್ಟಂಗೆ. ಹಳದಿ ಹೂವೇ ಬೇಕಿದ್ದರೆ ಕಕ್ಕೆ ಇದೆ, ನೆರಳಿಗೆ ಹೊಂಗೆ ಇದೆ, ಘಮಕ್ಕೆ ಪಾರಿಜಾತ, ಸಂಪಿಗೆ ಇದೆ.

"ಇಷ್ಟೆಲ್ಲಾ ನೋಡ್ತಾ ಕೂತರೆ ಹಿತ್ತಲು ಖಾಲಿ ಬೀಳುತ್ತೆ" ಅಂತ ಒಬ್ಬ ಅಣ್ಣ ನನಗೆ ಹೇಳಿದರು. ಇಲ್ಲ ಅಣ್ಣ, ಕೆಲಸ ಕಡಿಮೆ ಆಗುತ್ತೆ. ಚಿತ್ರ ಬಿಟ್ಟು ತಾಯಿಗಿಡ ನೋಡಿ, ಅಷ್ಟೇ. ನಿಮ್ಮ ಬೀದಿಯಲ್ಲೇ ಬೇಸಿಗೆಯಲ್ಲೂ ಬಾಡದೆ ನಿಂತ ಗಿಡ ಯಾವುದು, ಎಲೆ ಮುದುರೋ ರೋಗ ಬರದೆ ಇರೋದು ಯಾವುದು, ಹೆಚ್ಚು ದಿನ ಹೂವು ಕೊಟ್ಟಿದ್ದು ಯಾವುದು. ಅದಕ್ಕೊಂದು ಕೆಂಪು ದಾರ ಕಟ್ಟಿ, "ಇದನ್ನ ಕೀಳಬೇಡಿ, ಬೀಜಕ್ಕೆ" ಅಂತ ಮನೆಯವರಿಗೆಲ್ಲಾ ಹೇಳಿ. ಮೊದಲ ಹೂವೂ ಬೇಡ, ಕೊನೆಯದ್ದೂ ಬೇಡ, ನಡುವಿನ ಬಲಿತದ್ದು ಹಿಡಿಯಿರಿ. ಒಂದೇ ಗಿಡದಿಂದ ಬೇಡ, ನಾಲ್ಕೈದರಿಂದ ತೆಗೆದು ಬೆರೆಸಿ. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಹೆಸರು ತಿಂಗಳು ಬರೆದ ಚೀಟಿ ಒಳಗಿಡಿ. ಬಿತ್ತೋ ಮೊದಲು 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಟ್ಟರೆ ಮೊಳಕೆ ಎಷ್ಟು ಅಂತ ಗೊತ್ತಾಗುತ್ತೆ. ಪೊಟ್ಟಣ ಕೊಳ್ಳಲೇಬೇಕಾದರೆ ಪರೀಕ್ಷೆ ದಿನಾಂಕ, ಮೊಳಕೆ ಪ್ರಮಾಣ, ಲಾಟ್ ನಂಬರ್ ಮೂರೂ ಇದ್ದರೆ ಮಾತ್ರ ಕೊಳ್ಳಿ.

ಹೆಂಗಸರ ವಿಷಯ ಅಂದವರಿಗೆ ಈಗ ಹೇಳ್ತೀನಿ. ಹೌದು, ಹೆಂಗಸರ ವಿಷಯವೇ. ದಾರ ಕಟ್ಟೋದು, ಬೂದಿ ಬೆರೆಸೋದು, ಮಗಳ ಮನೆಗೆ ಹೋಗೋವಾಗ ಸೆರಗಿನ ತುದೀಲಿ ಬೀಜ ಗಂಟು ಹಾಕ್ಕೊಂಡು ಹೋಗೋದು, ಎಲ್ಲಾ ಅವರೇ ಮಾಡ್ತಿದ್ದದ್ದು. ಆ ಗಂಟು ನಿಂತು ಪೊಟ್ಟಣ ಬಂದಿದ್ದು ನಮ್ಮ ಕಣ್ಣೆದುರಿಗೇ. ಶಿರಸಿಯಲ್ಲಿ 'ವನಸ್ತ್ರೀ' ಅಂತ ಮಲೆನಾಡಿನ ಹೆಣ್ಣುಮಕ್ಕಳ ಗುಂಪು ಹಿತ್ತಲಿನ ಬೀಜಗಳನ್ನೇ ಹಿಡಿದು, ಹಂಚಿ, ವಿನಿಮಯ ಮಾಡ್ಕೊಂಡು ಬಂದಿದೆ. ನಮ್ಮ ಬಯಲುಸೀಮೆಯಲ್ಲಿ ಯಾಕೆ ಆಗಬಾರದು? ಕಾನೂನು ಅಡ್ಡ ಬರುತ್ತೆ ಅನ್ನೋ ಭಯ ಬೇಡ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ರೈತ ತನ್ನ ಬೀಜ ಕೂಡಿಡಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡ್ ಹೆಸರು ಹಾಕಿ ಮಾರಬಾರದು, ಅಷ್ಟೇ.

ಮೃಗಶಿರಾ ಮಳೆ ಹಿಡಿದಿದೆ, ಬೇವಿನ ಹಣ್ಣು ಉದುರೋಕೆ ಶುರುವಾಗಿದೆ. ನಮ್ಮ ಮನೇಲಿ ನಾಟಿ ಕನಕಾಂಬರ, ಬಿಳಿ ಸ್ಫಟಿಕ, ಕಾಮಕಸ್ತೂರಿ ಬೀಜ ಇದೆ; ಡೆಲ್ಲಿ ಕನಕಾಂಬರದ ಕಡ್ಡಿಯೂ ಬೇಕಾದಷ್ಟಿದೆ. ಬಂದು ತಗೊಂಡು ಹೋಗಿ, ದುಡ್ಡು ಬೇಡ. ಬರೋವಾಗ ನಿಮ್ಮ ಹಿತ್ತಲಿನದ್ದು ಒಂದು ಹಿಡಿ ತನ್ನಿ, ಯಾವ ಗಿಡದ್ದು, ಯಾವ ತಿಂಗಳಲ್ಲಿ ಹಿಡಿದಿದ್ದು ಅಂತ ಚೀಟಿ ಬರೆದು. ನಾಟಿ ಹಳದಿ ಗೌರಿ ಹೂವಿನ ಬೀಜ ಯಾರ ಹತ್ತಿರ ಇದ್ದರೂ ಕೆಳಗೆ ತಿಳಿಸಿ, ನಮ್ಮ ಬೀದಿಯಲ್ಲಿ ಅದು ಪೂರ್ತಿ ಹೋಗಿಬಿಟ್ಟಿದೆ.