ಕೂಸಿನ ನಿದ್ದೆಗೆ ತಾಯಿಯನ್ನು ದೂರಬೇಡಿ

ಹಗಲೆಲ್ಲ ಮಲಗಿ ರಾತ್ರಿ ಎದ್ದು ಅಳುವ ಕೂಸನ್ನು ಕಂಡು, ತಾಯಿಗೆ ಮಗು ಸಾಕಲು ಬಾರದು ಎನ್ನುವುದು ಅನ್ಯಾಯ. ಹಗಲು-ರಾತ್ರಿಯ ಲಯ ನಡೆಸುವ ಗಡಿಯಾರ ಮೆದುಳಿನ ಹೈಪೋಥಲಮಸ್‌ನಲ್ಲಿದೆ. ಅದು ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಗರ್ಭದಲ್ಲಿರುವಾಗ ತಾಯಿಯ ಮೆಲಟೋನಿನ್ ಹಾರ್ಮೋನು ಮಗುವಿಗೆ ರಾತ್ರಿಯ ಸೂಚನೆ ಕೊಡುತ್ತದೆ. ಹೆರಿಗೆಯೊಂದಿಗೆ ಆ ನಂಟು ಕಡಿಯುತ್ತದೆ. ಮಗುವಿನ ಸ್ವಂತ ಲಯ ಮೂಡಲು ಸಾಮಾನ್ಯವಾಗಿ 2-3 ತಿಂಗಳು ಬೇಕು. ಅಲ್ಲಿಯವರೆಗೆ ರಾತ್ರಿಯ ಎದೆಹಾಲಿನಲ್ಲಿರುವ ಮೆಲಟೋನಿನ್ ಕೂಡ ಅದಕ್ಕೆ ಸಿಗುತ್ತದೆ.

ಮನೆಯವರು ಮಾಡಬೇಕಾದದ್ದು ಇಷ್ಟೇ: ಹಗಲು ಕಿಟಕಿ ತೆರೆದು ಬೆಳಕು ಬರಲಿ. ರಾತ್ರಿ ಹಾಲುಣಿಸುವಾಗ ಮಂದ ದೀಪ ಸಾಕು. ಟಿವಿ, ಮೊಬೈಲ್ ಬೇಡ. ಗಂಡ, ಅತ್ತೆ ಸರದಿಯಂತೆ ಕೂಸನ್ನು ಎತ್ತಿಕೊಂಡು ಬಾಣಂತಿಗೆ ಮಲಗಲು ಬಿಡಲಿ. ಜ್ವರವಿದ್ದರೆ ಅಥವಾ ಹಾಲು ಬಿಟ್ಟರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.