ದಾರಿ ಬದಲಿಸಿದವರು ಹೇಡಿಗಳೇ?



ಹೋದ ಬೇಸಿಗೆಯಲ್ಲಿ ನಾವು ಐದು ಜನ ಹಾಸ್ಟೆಲ್ ಹುಡುಗರು ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಹಿಡಿದು ಯಲವಿಗಿ ಸ್ಟೇಷನ್ನಿನಲ್ಲಿ ಇಳಿದೆವು. ಗೆಳೆಯನ ಊರಿನ ಕೇರಿಯಲ್ಲಿ ಸಭೆಯಿತ್ತು. ಹೊತ್ತು ಮುಳುಗಿತ್ತು. ನಡೆದೇ ಹೋಗೋಣವೆಂದು ಹೊರಟಾಗ ಆ ಕೇರಿಯ ಹಿರಿಯರೊಬ್ಬರು ಸೈಕಲ್ಲಿನಲ್ಲಿ ಎದುರಾದರು. ‘ಇವತ್ತ ಬರಬ್ಯಾಡ್ರಪಾ. ನಮ್ಮ ಹುಡುಗರು ಹೋಟೆಲಿನ್ಯಾಗ ಒಳಗ ಕುಂತು ಚಾ ಕುಡದಾರಂತ ಜಗಳಾ ಆಗೇತಿ. ಹಾದ್ಯಾಗ ಮಂದಿ ಕಾಯ್ಕೊಂಡು ಕುಂತಾರ’ ಅಂದರು.

ರಾತ್ರಿಯೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಕೂತು, ಬೆಳಗಿನ ಗಾಡಿಗೆ ಹಿಂತಿರುಗಿದೆವು. ಹಾಸ್ಟೆಲಿನಲ್ಲಿ ನಗೆ! ‘ಕ್ರಾಂತಿ ಮಾಡಾಕ ಹೋದವರು ಹೆದರಿ ಓಡಿ ಬಂದ್ರೇನೋ?’

ಹೌದು, ಹೆದರಿದೆವು. ಅದನ್ನು ಮುಚ್ಚಿಡುವುದಿಲ್ಲ. ಆದರೆ ನಕ್ಕವರು ಒಂದು ಕತೆ ಕೇಳಬೇಕು.

1901ರಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ಕಾಣಲು ಸಾತಾರದಿಂದ ಹೊರಟ. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ, ಮಹಾರರ ಮಕ್ಕಳೆಂದು ತಿಳಿದದ್ದೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಗಾಡಿಯವರು ಒಲ್ಲೆ ಅಂದರು. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಎತ್ತು ಹೊಡೆಯಬೇಕಾಯಿತು. ನಡುರಾತ್ರಿ, ಕತ್ತಲೆ, ಮೈಮೇಲೆ ಒಡವೆ, ಕುಡಿಯಲು ಹನಿ ನೀರಿಲ್ಲ. ಮುಂದೆ ಹೋಗದೆ ಟೋಲ್ ಕಟ್ಟೆಯ ಬಳಿ ಗಾಡಿ ನಿಲ್ಲಿಸಿ ರಾತ್ರಿ ಕಳೆದರು. ಆ ಹುಡುಗನೇ ಬಾಬಾಸಾಹೇಬ ಅಂಬೇಡ್ಕರ್. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನು ಅವರೇ ಬರೆದಿದ್ದಾರೆ. ಮಸೂರಿನ ರೈಲು ಓಡಿಸಿದ ಸದರ್ನ್ ಮರಾಠಾ ಕಂಪನಿಯೇ ನಮ್ಮ ಯಲವಿಗಿಯ ಹಳಿಯನ್ನೂ ಹಾಕಿತು. ಹಳಿ ಎಲ್ಲರಿಗೂ ಒಂದೇ. ಸ್ಟೇಷನ್ನಿನಿಂದ ಊರಿಗೆ ಹೋಗುವ ಹಾದಿ ಮಾತ್ರ ಬೇರೆ ಬೇರೆ!

ಅಂದು ಆ ಮಕ್ಕಳು ಹಟ ಹಿಡಿದು ಕತ್ತಲೆಗೆ ನುಗ್ಗಲಿಲ್ಲ. ಅವರನ್ನು ಹೇಡಿಗಳೆನ್ನುತ್ತೀರಾ? ಜೀವ ಉಳಿಸಿಕೊಳ್ಳುವುದೂ ಹೋರಾಟವೇ.

ಆದರೆ ನಮ್ಮನ್ನು ಕೊರೆದದ್ದು ಬೇರೆ. ನಮಗೆ ವಾಪಸು ಬರಲು ರೈಲಿತ್ತು. ಎಚ್ಚರಿಸಿದ ಆ ಹಿರಿಯರು ಅದೇ ಹಾದಿಯಲ್ಲಿ, ಅದೇ ಮಂದಿಯ ನಡುವೆ ಮನೆಗೆ ಹೋಗಬೇಕಿತ್ತು. ಹಾದಿ ಬದಲಿಸಿದ್ದು ತಪ್ಪಲ್ಲ. ಬದಲಿಸಿ ಸುಮ್ಮನೆ ಕೂತಿದ್ದರೆ ಅದು ತಪ್ಪಾಗುತ್ತಿತ್ತು.

ಅದಕ್ಕೆ ನಡೆದದ್ದನ್ನೆಲ್ಲ ಬರೆದು ಪೊಲೀಸರಿಗೂ ತಹಶೀಲ್ದಾರರಿಗೂ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದೆವು. ಮುಂದಿನ ವಾರ ಹಾಡು ಹಗಲಲ್ಲೇ ಇಪ್ಪತ್ತು ಜನ ಹೋದೆವು. ಸಭೆ ನಡೆಯಿತು. ಹೋಟೆಲಿನ ಒಳಗೇ ಕೂತು ಚಾ ಕುಡಿದೆವು. ಹಿರಿಯರೂ ನಮ್ಮ ಪಕ್ಕದಲ್ಲೇ ಕೂತಿದ್ದರು.

ಅಂಗಡಿ, ಹೋಟೆಲು, ಬಾವಿ, ರಸ್ತೆ ಎಲ್ಲರವೂ ಎಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. 14566 ಸಹಾಯವಾಣಿಯಿದೆ. ಇವು ಕಾಗದದಿಂದ ಎದ್ದು ತಾವಾಗಿ ನಡೆಯುವುದಿಲ್ಲ. ನಡೆಸುವವರು ನಾವು.

ಹೊರಡುವ ಮುಂಚೆ ಯಾರಿಗಾದರೂ ಹೇಳಿ ಹೊರಡಿ. ಒಬ್ಬರೇ ಹೋಗಬೇಡಿ. ತಡೆದರೆ ತಾರೀಖು, ಹೊತ್ತು, ಜಾಗ ಬರೆದಿಡಿ. ಹಿಂದೆ ಬರಬೇಕಾದರೆ ಬನ್ನಿ. ಮತ್ತೆ ಹೋಗುವುದನ್ನು ಮಾತ್ರ ಮರೆಯಬೇಡಿ.